ಇಂಜಿನ್ನಿಗೆ ಒಂದನೇ ದರ್ಜೆ

ಅವಳ ಗಂಡನಿಗೆ ಬೀಗ ರಿಪೇರಿಯ ಕೆಲಸ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅಂಗಡಿ. ಒಬ್ಬ ಕೂತರೆ ಇನ್ನೊಬ್ಬ ಹೊರಗೆ ನಿಲ್ಲಬೇಕು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಚಟ ಒಂದೇ, ಹಳೆಯ ಕಾಲದ ಪುಟಾಣಿ ರೈಲು ಬೋಗಿಗಳನ್ನು ಕೂಡಿಹಾಕುವುದು. ಗುಜರಿಯಲ್ಲಿ ಕೆದಕಿ, ಸತ್ತವರ ಮನೆ ಸಾಮಾನು ಮಾರುವ ಕಡೆಗೆಲ್ಲ ಅಲೆದು, ಅಂಗೈಯುದ್ದದ ಬೋಗಿ ತರುತ್ತಿದ್ದ. ಆಟದ ಸಾಮಾನು ಅಂದರೆ ಮುಖ ಊದಿಸಿಕೊಳ್ಳುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಗೋಡೆಯುದ್ದಕ್ಕೂ ರೈಲು ನಿಂತಿತ್ತು. ಇಷ್ಟು ರೈಲಿದ್ದರೂ ತವರಿಗೆ ಹೋಗಲು ನಾನು ಬಸ್ಸೇ ಹತ್ತಬೇಕು ಎಂದು ಅವಳು ಬಂದವರ ಮುಂದೆಲ್ಲ ಹಂಗಿಸುತ್ತಿದ್ದಳು.

ಅವನಿಗೊಬ್ಬ ಗೆಳೆಯನಿದ್ದ, ಕನ್ನಡಕದಂಗಡಿಯವನು. ಬೋಗಿಗಳ ಬೆಲೆ ಕಟ್ಟುವುದರಲ್ಲಿ ಅವನದೇ ಕೊನೆಯ ಮಾತು. ಆಳು ಕಡ್ಡಿ, ಮಾತು ಕಡ್ಡಿ ಮುರಿದ ಹಾಗೆ. ಎಲ್ಲರೂ ಕರೆಯುವುದೂ ಕಡ್ಡಿ ಎಂದೇ. ಗಂಡನನ್ನು ಕಳೆದುಕೊಂಡು ವಾರವಾಗದ ಹೆಂಗಸೊಬ್ಬಳು ಅವನ ಬೋಗಿಗಳನ್ನು ಮಾರಲು ತೋರಿಸಿದಾಗ, ಇವೆಲ್ಲ ಮೇಲೆ ಬಣ್ಣ ಬಳಿದ ಮಾಲು, ತೂಕಕ್ಕೆ ಹಾಕಮ್ಮ ಎಂದು ಎದ್ದು ಬಂದಿದ್ದ. ಅದಕ್ಕೇ ಅವಳ ಗಂಡನಿಗೆ ಕಡ್ಡಿ ಅಂದರೆ ಪ್ರಾಣ.

ಗಂಡನ ಹೊಟ್ಟೆಯಲ್ಲಿ ಗಡ್ಡೆ ಬಂತು. ಡಾಕ್ಟರು ಅವಳನ್ನು ಆಚೆ ಕರೆದು, ಕೈಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅವಳು ಗಂಡನಿಗೆ ಹುಣ್ಣು ಅಂದಳು, ಔಷಧಿಗೆ ಬಗ್ಗುತ್ತದೆ ಅಂದಳು. ನೆಂಟರು, ನೆರೆಯವರು, ಸೂಜಿ ಚುಚ್ಚುವ ನರ್ಸು, ಎಲ್ಲರಿಂದಲೂ ಅದನ್ನೇ ಹೇಳಿಸಿದಳು. ಅವನು ನಂಬಿದ. ಎದ್ದ ಮೇಲೆ ಅಂಗಡಿಗೆ ಹೊಸ ಬಾಗಿಲು ಹಾಕಿಸುತ್ತೇನೆ ಎಂದ, ಅವಳು ಬಡಗಿಯನ್ನೂ ಕರೆಸಿದಳು. ಆ ನಂಬಿಕೆಯಿಂದ ಅವನಿಗೆ ಎರಡು ತುತ್ತು ಒಳಗೆ ಹೋಗುತ್ತಿತ್ತು. ಅವಳಿಗೆ ಅಷ್ಟೇ ಬೇಕಿತ್ತು.

ಮಲಗಿದಲ್ಲೇ ಅವನ ತಲೆಗೊಂದು ಹುಳ ಹೊಕ್ಕಿತು. ಆ ಕಾಲದ ಕೆಲವು ಎರಕದ ಬೋಗಿಗಳಲ್ಲಿ ಲೋಹ ಕಲಬೆರಕೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಒಳಗೊಳಗೇ ಬಿರುಕು ಬಿಟ್ಟು ಒಂದು ದಿನ ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ. ಗೋಡೆಯ ಸಾಲಿನ ಮುಂದಿದ್ದ ತನ್ನ ಹಸಿರು ಇಂಜಿನ್ನಿಗೂ ಅದು ಹತ್ತಿದೆಯೇನೋ, ಕಡ್ಡಿಯನ್ನು ಕರೆಸು ಎಂದ.

ಅವಳು ಕಡ್ಡಿಯನ್ನು ಬಾಗಿಲಲ್ಲೇ ತಡೆದಳು.

"ಅಣ್ಣಾ, ಹೇಗೇ ಇರ್ಲಿ, ಚೆನ್ನಾಗಿದೆ ಅಂದ್ಬಿಡಿ."

"ನನಗೆ ಅದು ಬರಲ್ಲ ತಂಗಿ."

"ಕಲೀರಿ."

ಕಡ್ಡಿ ಹಾಸಿಗೆಯ ಪಕ್ಕ ಕೂತು ಒಂದೊಂದನ್ನೇ ಎತ್ತಿ ಪೆನ್ಸಿಲಿನಿಂದ ತಟ್ಟಿದ. ಗಟ್ಟಿ ಲೋಹ ಟಿಣ್ ಎನ್ನುತ್ತದೆ. ಬೋಗಿಗಳೆಲ್ಲ ಟಿಣ್ ಎಂದವು. ಗಂಡ ಕಣ್ಣು ಮುಚ್ಚಿ ಕೇಳುತ್ತಿದ್ದ. ಇಂಜಿನ್ನು ಮಾತ್ರ ಒದ್ದೆ ಮರ ತಟ್ಟಿದಂತೆ ಸದ್ದು ಕೊಟ್ಟಿತು. ಅವಳಿಗೂ ಕೇಳಿಸಿತು. ಕಡ್ಡಿ ಮಸೂರ ಹಿಡಿದು ಅದನ್ನು ಹಿಂದೆ ಮುಂದೆ ತಿರುಗಿಸಿದ.

"ಒಂದನೇ ದರ್ಜೆ ಕಣೋ. ನಾವೆಲ್ಲ ಹೋದ್ಮೇಲೂ ಇರತ್ತೆ."

ಗಂಡ ಕಣ್ಣು ತೆರೆದ. ಚಹಾ ಕುಡಿದು ಹೋಗು ಎಂದಷ್ಟೇ ಹೇಳಿದ. ಕಡ್ಡಿ ಕುಡಿಯದೆ ಹೋದ.

"ಡಾಕ್ಟ್ರು ಏನಂದಿದ್ರು?" ಎಂದು ಗಂಡ ಕೇಳಿದ.

"ಹುಣ್ಣು ಅಂತ ಹೇಳಿದ್ನಲ್ಲ ರೀ."

"ಸಾವಿನ ಮನೇಲೂ ಸುಳ್ಳು ಹೇಳಿದೋನಲ್ಲ ಅವನು. ಇವತ್ತು ನನಗೆ ಸುಳ್ಳು ಹೇಳಿದ. ಏನಂದ್ರು ಹೇಳು."

ಅವಳು ಹೇಳಿದಳು. ಒಂದಕ್ಷರ ಬಿಡಲಿಲ್ಲ.

"ಯಾರ್ಯಾರಿಗೆ ಗೊತ್ತು?"

"ಎಲ್ರಿಗೂ."

"ಬಾಗಿಲಿನ ಅಳತೆ ತಗೊಂಡು ಹೋದ್ನಲ್ಲ ಬಡಗಿ, ಅವನಿಗೂ?"

"ಹೂಂ."

ಅವನು ಗೋಡೆಯ ಕಡೆ ತಿರುಗಿದ. ಅಂದಿನಿಂದ ಊಟ ಬಿಟ್ಟ. ತಟ್ಟೆ ಹಿಡಿದು ಕೂತರೆ ಬಾಯಿ ಬಿಗಿದುಕೊಳ್ಳುತ್ತಿದ್ದ. ನೀರು ಕೊಡು, ಕಿಟಕಿ ಹಾಕು, ಪಕ್ಕ ಹೊರಳಿಸು, ಇಷ್ಟು ಬಿಟ್ಟರೆ ಹೆಂಡತಿಯ ಜೊತೆ ಮಾತಿಲ್ಲ. ಅವಳು ಬೇಡಿಕೊಂಡಳು, ಬೈದಳು, ಒಮ್ಮೆ ತಟ್ಟೆಯನ್ನು ನೆಲಕ್ಕೆ ಎಸೆದಳು. ಎಸೆದದ್ದನ್ನು ತಾನೇ ಬಳಿದಳು. ಡಾಕ್ಟರು ಹೇಳಿದ್ದಕ್ಕಿಂತ ಬಹಳ ಮೊದಲೇ ಅವನು ಹೋದ.

ಹೆಣ ಎತ್ತುವ ಮುಂಚೆ ಕಡ್ಡಿ ಬಂದ. ಮೂಲೆಯಲ್ಲಿ ನಿಂತು, ಅವತ್ತು ನಾನು ಇಂಜಿನ್ನಿನ ನಿಜ ಹೇಳಿದ್ದರೆ ಇನ್ನೊಂದಷ್ಟು ದಿನ ಇರುತ್ತಿದ್ದನೇನೋ ತಂಗಿ ಎಂದು ಬಿಕ್ಕಿದ. ಹಾಗೇನಿಲ್ಲ ಎನ್ನಬಹುದಿತ್ತು. ಸುತ್ತ ಕೂತಿದ್ದ ಹೆಂಗಸರೂ ಅವಳು ಅದನ್ನೇ ಹೇಳುತ್ತಾಳೆ ಎಂದುಕೊಂಡರು.

"ಇರ್ತಿದ್ರು," ಅಂದಳು.