ಗಂಗಕ್ಕನ ಬಾಕಿ ಮುಯ್ಯಿ

"ಇಂಥಾ ಟೈಮಿನ್ಯಾಗ ಮುಯ್ಯಿ ಕೇಳಾಕ ಬಂದೀರಲ್ರಿ ಶಾಂತಕ್ಕ, ನಿಮಗ ಮನಸ್ಸರ ಹೆಂಗ ಬಂತ್ರಿ?"

ಹಿರೇಕೆರೂರಿನ ನಮ್ಮ ಓಣಿಯ ಗಂಗಕ್ಕನ ಸೊಸೆ ಬಾಗಿಲಲ್ಲೇ ನಿಂತು ಕೇಳಿದಳು. ಅವಳ ಸಿಟ್ಟು ನ್ಯಾಯವಾದದ್ದೇ. ಗಂಗಕ್ಕನ ಗಂಡ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ಆದರೆ ನಾನು ಹಟ ಮಾಡಿಯೇ ಹೋಗಿದ್ದೆ.

ಗಂಗಕ್ಕನದು ತುಂಬಿದ ಮನೆ. ಮಗ, ಸೊಸೆ, ಮೊಮ್ಮಕ್ಕಳು, ಎಲ್ಲರೂ ಒಳ್ಳೆಯವರೇ. "ನೀ ಆರಾಮ ಕುಂದ್ರಬೇ ಅವ್ವಾ" ಎನ್ನುತ್ತ ರೊಟ್ಟಿ ಹಂಚು, ಕಸಬರಿಗೆ, ಸಂತೆ ಚೀಲ ಎಲ್ಲವನ್ನೂ ಅವಳ ಕೈಯಿಂದ ತೆಗೆದುಕೊಂಡುಬಿಟ್ಟರು. ಒಳಕೋಣೆಯಲ್ಲಿ ಹಾಸಿಗೆ, ಎದುರಿಗೊಂದು ಟಿವಿ.

ಆರಾಮ ಕೂತವಳು ಕೂತಲ್ಲೇ ಕರಗತೊಡಗಿದಳು. ಅರ್ಧ ರೊಟ್ಟಿ ತಿಂದರೆ ಹೆಚ್ಚು. ಟಿವಿ ತನ್ನ ಪಾಡಿಗೆ ಓಡುತ್ತಿರುತ್ತದೆ, ಇವಳು ಗೋಡೆ ನೋಡುತ್ತಿರುತ್ತಾಳೆ...

ಸಮಾಧಾನ ಹೇಳಲು ಹೋದವರೆಲ್ಲ ಸತ್ತವರ ಸುದ್ದಿಯನ್ನೇ ತೆಗೆದು ಅವಳನ್ನು ಅಳಿಸಿ ಬರುತ್ತಿದ್ದರು. ನಾನೂ ಹೋಗಿ ಧೈರ್ಯ ಹೇಳಿದೆ.

"ನಾ ಇದ್ದರೆಷ್ಟು, ಹ್ವಾದರೆಷ್ಟು ಶಾಂತಾ. ಯಾರಿಗೆ ಬೇಕಾಗೇನಿ?" ಅಂದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅವತ್ತೇ ನನಗೆ ಮುಯ್ಯಿ ನೆನಪಾದದ್ದು. ನಮ್ಮಲ್ಲಿ ಹೊದೆಯುವ ಕೌದಿಯನ್ನು ಯಾರೂ ಒಬ್ಬರೇ ಹೊಲಿಯುವುದಿಲ್ಲ. ಹಳೆ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೂಲೆಗೊಬ್ಬರು ಕೂರಬೇಕು. ನಿಮ್ಮ ಕೌದಿಗೆ ನಾನು ಬಂದರೆ ನನ್ನ ಕೌದಿಗೆ ನೀವು ಬರಬೇಕು, ಅದೇ ಮುಯ್ಯಿ.

ಗಂಗಕ್ಕನ ಕೊನೆಯ ಮೊಮ್ಮಗ ಹುಟ್ಟಿದಾಗ ಕೌದಿ ಹೊಲಿಯಲು ನಾನು ಹೋಗಿದ್ದೆ. ತಿರುಗಿ ಅವಳು ಬರುವುದು ಬಾಕಿ ಇತ್ತು. ಮುಯ್ಯಿ ಉಳಿಸಿಕೊಳ್ಳುವ ಜಾತಿಯವಳಲ್ಲ ಅವಳು.

ಸೊಸೆಗೆ ಉತ್ತರ ಕೊಡದೆ, ಒಳಕೋಣೆಗೆ ಕೇಳುವಂತೆ ಗಂಟಲೇರಿಸಿದೆ. "ಯಕ್ಕಾ, ನಿನ್ನ ಕೌದಿಗೆ ದಿನಗಟ್ಲೆ ಬೆನ್ನ ಬಗ್ಗಿಸೇನಿ. ನಾಳೆ ನಂದು ಹಾಸ್ತೇನಿ. ಬರ್ತೀಯೋ, ಮುಯ್ಯಿ ಮುಳುಗಿಸ್ತೀಯೋ?"

ಉತ್ತರಕ್ಕೆ ಕಾಯದೆ ಹೊರಟುಬಂದೆ. ಮನೆಗೆ ಬಂದು ಹಳೆ ಸೀರೆಗಳನ್ನು ತೆಗೆದು ಜೋಡಿಸತೊಡಗಿದೆ. ಗಾಯದ ಮೇಲೆ ಬರೆ ಎಳೆದು ಬಂದೆನೇನೋ...

ಮರುದಿನ ಬಿಸಿಲು ಏರುವ ಹೊತ್ತಿಗೆ ಗಂಗಕ್ಕ ಬಂದಳು. ಸೊಸೆ ಕೈ ಹಿಡಿದುಕೊಂಡಿದ್ದಳು. ಬಂದವಳೇ ಸೂಜಿ ತೆಗೆದುಕೊಂಡು ಒಂದು ಮೂಲೆಗೆ ಕೂತಳು.

ಸತ್ತವರ ಸುದ್ದಿ ಯಾರೂ ತೆಗೆಯಬಾರದು ಎಂದು ಹೊಲಿಯಲು ಬಂದಿದ್ದ ಉಳಿದ ಹೆಂಗಸರಿಗೆ ನಾನು ಮೊದಲೇ ತಾಕೀತು ಮಾಡಿದ್ದೆ. ಊಟದ ಹೊತ್ತಿಗೆ ಗಂಗಕ್ಕ ನನ್ನ ಹೊಲಿಗೆಯ ಕಡೆ ಬಗ್ಗಿ ನೋಡಿದಳು.

"ಇದೇನಬೇ, ಕೋಳಿ ಕೆದರಿದಂಗ ಹೊಲದೀದಿ?" ಎಂದವಳೇ ನನ್ನ ಇಡೀ ಸಾಲು ಬಿಚ್ಚಿ ಹಾಕಿದಳು. ಇಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಕೌದಿ ಮುಗಿಯುವ ಮುಂಚೆ ಅವಳೇ ಬಾಯಿ ಬಿಟ್ಟಳು. ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ, ಏನೇನೋ ಕೆಟ್ಟ ಯೋಚನೆಗಳು ಬರುತ್ತವೆ ಅಂದಳು. ಹಾವೇರಿಗೆ ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸೋಣ ಅಂದೆ. ಜನ ಹುಚ್ಚಿ ಅನ್ನುತ್ತಾರೆ ಎಂದು ಅಂಜಿದಳು.

"ನನ್ನ ಮಣಕಾಲ ತೋರಿಸಾಕ ನೀ ಬಾ, ನಿನ್ನ ನಿದ್ದಿ ತೋರಿಸಾಕ ನಾ ಬರ್ತೇನಿ. ಇದೂ ಮುಯ್ಯಿನ ಅನ್ಕೋ" ಅಂದೆ. ಇಬ್ಬರೂ ಬಸ್ಸು ಹತ್ತಿದೆವು.

ಕೌದಿ ಹೊಲಿದು ಕಾಯಿಲೆ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಅವಳು ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಸೊಸೆ ರೊಟ್ಟಿ ಹಂಚನ್ನು ಅತ್ತೆಗೇ ವಾಪಸ್ ಬಿಟ್ಟುಕೊಟ್ಟಿದ್ದಾಳೆ. ಕೆಲವು ದಿನ ಗಂಗಕ್ಕ ಈಗಲೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಅವತ್ತು ಸೊಸೆಯೇ ನನಗೆ ಫೋನ್ ಮಾಡುತ್ತಾಳೆ, ನಾನು ಹೋಗಿ ಪಕ್ಕದಲ್ಲಿ ಕೂರುತ್ತೇನೆ.

ಇವತ್ತು ಬೆಳಿಗ್ಗೆ ಗಂಗಕ್ಕ ತಾನಾಗಿಯೇ ನಮ್ಮ ಮನೆಗೆ ಬಂದಳು. ಹಿಂದಿನ ಓಣಿಯ ಪಾರವ್ವ, ಮಗಳು ತೀರಿಕೊಂಡ ಮೇಲೆ ಹೊರಗೇ ಬಂದಿಲ್ಲವಂತೆ. ಅವಳದು ಯಾವ ಮುಯ್ಯಿಯೂ ಬಾಕಿ ಇಲ್ಲವಲ್ಲ, ಏನೆಂದು ಕರೆಯುವುದು ಅಂದೆ.

"ಬಾಕಿ ಇಲ್ಲಂದ್ರ ನಾವ ಅಕಿಗೆ ಹೊಸಾ ಬಾಕಿ ಹಚ್ಚೂಣು. ಅಕಿ ಕಟ್ಟಿ ಮ್ಯಾಲನ ಹೋಗಿ ಅಕಿ ಕೌದಿ ಹಾಸೂಣು, ಏಳ."

ಸೂಜಿ ದಾರ ಹಿಡಿದು ಇಬ್ಬರೂ ಹೊರಟಿದ್ದೇವೆ. ನಿಮ್ಮ ಓಣಿಯಲ್ಲಿ, ತುಂಬಿದ ಮನೆಯೊಳಗೆ ಒಬ್ಬಳೇ ಕೂತಿರುವ ಹೆಂಗಸು ಯಾರು?