ಹತ್ತೊಂಬತ್ತು ಒಂದುಗಳು

ಕಿತ್ತೂರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ದಿಗಂಬರ ಮಾಸ್ತರರಿಗೆ ಒಂದು ಹುಚ್ಚಿತ್ತು. ಬರೀ ಒಂದು ಎಂಬ ಅಂಕಿಯನ್ನೇ ಸಾಲಾಗಿ ಬರೆದು, ಆ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆಂದು ಹುಡುಕುವುದು. ಮೂರು ಒಂದುಗಳು, ಅಂದರೆ ನೂರಾ ಹನ್ನೊಂದು, ಮೂರರಿಂದ ಭಾಗವಾಗುತ್ತದೆ. ನಾಲ್ಕು ಒಂದುಗಳು ಹನ್ನೊಂದರಿಂದ. ಏಳು ಒಂದುಗಳು ಬಹಳ ಸತಾಯಿಸಿ, ಕೊನೆಗೆ ಇನ್ನೂರಾ ಮೂವತ್ತೊಂಬತ್ತರಿಂದ ಭಾಗವಾದಾಗ ಮಾಸ್ತರರು ದೇಗಾಂವದ ಮನೆಯಲ್ಲಿ ಹೆಂಡತಿ ಲೀಲಾಬಾಯಿಯಿಂದ ಶಿರಾ ಮಾಡಿಸಿ ತಿಂದಿದ್ದರು. ಹತ್ತೊಂಬತ್ತು ಒಂದುಗಳ ಸಂಖ್ಯೆ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ನಿವೃತ್ತರಾದ ಮೇಲೂ ಪಾಟಿ ಹಿಡಿದು ಅದನ್ನೇ ಭಾಗಿಸುತ್ತ ಕೂಡುತ್ತಿದ್ದರು. ಫೋನಿನಲ್ಲಿ ನೋಡಬಹುದಲ್ಲ ಎಂದವರಿಗೆ, "ಉತ್ತರ ಕೇಳಿ ತಿಳಕೊಂಡ್ರ ಗಣಿತ ಎಲ್ಲಿ ಉಳೀತು?" ಎನ್ನುತ್ತಿದ್ದರು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತು ತಿರುಗಿ ಬಂತು, ಆದರೆ ಹಿಡಿದ ವಿಚಾರ ನಡುವೆಯೇ ಜಾರಿಹೋಗುತ್ತಿತ್ತು. ಅವರು ಹೇಳಿದ ಸಂಖ್ಯೆಯಿಂದ ಲೀಲಾಬಾಯಿಯೇ ಪಾಟಿಯ ಮೇಲೆ ಭಾಗಿಸತೊಡಗಿದರು. ಅವರ ಲೆಕ್ಕ ಎಲ್ಲೋ ತಪ್ಪುತ್ತಿತ್ತು. ಎಲ್ಲಿ ತಪ್ಪಿತೆಂದು ಮಾಸ್ತರರಿಗೂ ಹೇಳಲಾಗುತ್ತಿರಲಿಲ್ಲ.

ತಾಳಲಾಗದೆ ಒಂದು ದಿನ ಲೀಲಾಬಾಯಿ ಬಸ್ ಹತ್ತಿ ಬೈಲಹೊಂಗಲಕ್ಕೆ ಹೋದರು. ಅಲ್ಲಿಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವ ಮೀನಾ, ಮಾಸ್ತರರ ಹಳೆಯ ವಿದ್ಯಾರ್ಥಿನಿ. ಸಂಖ್ಯೆ ನೋಡಿದವಳೇ ಮೆಲ್ಲಗೆ ಹೇಳಿದಳು: "ಕಾಕು, ಇದು ಅವಿಭಾಜ್ಯ ಸಂಖ್ಯೆ. ಒಂದು ಮತ್ತ ಈ ಸಂಖ್ಯೆ ಬಿಟ್ರ ಬ್ಯಾರೆ ಯಾವುದರಿಂದನೂ ಭಾಗ ಆಗಂಗಿಲ್ಲ. ಇದು ಗೊತ್ತಾಗಿನ ನೂರು ವರ್ಷ ಆಗ್ಯಾವ."

ಭಾನುವಾರ ಅವಳೇ ದೇಗಾಂವಕ್ಕೆ ಬಂದು ಹೇಳಿದಳು. ಮಾಸ್ತರರ ಮುಖ ಅರಳಿತು. "ನನಗೂ ಸಂಶಯ ಇತ್ತು. ಆದ್ರ ಎಲ್ಲಾ ಭಾಗಿಸಿ ನೋಡದ ಹೆಂಗ ಸಿದ್ಧ ಮಾಡಿದ್ರು? ಅದನ್ನ ಹೇಳು."

"ಸರ್, ಇದನ್ನ ಭಾಗಿಸೋ ಅವಿಭಾಜ್ಯ ಸಂಖ್ಯೆ ಏನರ ಇದ್ರ, ಅದನ್ನ ಹತ್ತೊಂಬತ್ತರಿಂದ ಭಾಗಿಸಿದಾಗ ಒಂದು ಉಳೀಬೇಕು. ಅದು ಮೊದಲನೇ ಮಾತು..."

"ಯಾಕ?"

ಮೀನಾ ಯಾಕೆಂದು ವಿವರಿಸಿದಳು. ಅಷ್ಟರಲ್ಲಿ ಮಾಸ್ತರರು, "ಯಾವುದನ್ನ ಭಾಗಿಸೋ ಸಂಖ್ಯೆ ಅಂದಿ?" ಎಂದರು. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ಎಳೆ ತಪ್ಪಿತು. ಮೂರನೇ ಸಲ ಅವರು ಎಡಗೈಯಿಂದ ಮಂಚದ ಅಂಚು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಅವಳ ಒಂದೊಂದು ಮಾತನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತ ಕೇಳಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಸಾಕವ್ವಾ. ನೀ ಛೊಲೋ ಹೇಳತಿ. ನನಗ ಹಿಡಿಯಾಕ ಆಗವಲ್ತು."

ಅವರ ಕಣ್ಣಲ್ಲಿ ನೀರು ಇಳಿಯಿತು. ಮೀನಾ ಎದ್ದು ಅಂಗಳಕ್ಕೆ ಹೋಗಿ ನಿಂತಳು. ಲೀಲಾಬಾಯಿ ಸೆರಗಿನಿಂದ ಗಂಡನ ಮುಖ ಒರೆಸಿದರು.

"ಉತ್ತರ ಗೊತ್ತಾತಲ್ರಿ, ಇನ್ನ ಬಿಡ್ರಿ ಅದನ್ನ."

"ಮೀನಾಗ ಗೊತ್ತಾತು, ನಿನಗ ಗೊತ್ತಾತು. ನನಗೆಲ್ಲಿ ಗೊತ್ತಾತು?"

ಮರುದಿನ ಚಹಾ ಕುಡಿದು ಮಾಸ್ತರರು, "ಲೀಲಾ, ಪಾಟಿ ತಾ," ಎಂದರು. ನಿನ್ನೆಯದು ಮರೆತಿದೆಯೋ, ನೆನಪಿದ್ದೂ ಕೇಳುತ್ತಿದ್ದಾರೋ, ಲೀಲಾಬಾಯಿಗೆ ತಿಳಿಯಲಿಲ್ಲ. ಹತ್ತೊಂಬತ್ತು ಒಂದುಗಳನ್ನು ಬರೆದು, "ಯಾವುದರಿಂದ್ರಿ?" ಎಂದರು.

"ಏಳರಿಂದ ಹಚ್ಚು."

ಆಗುವುದಿಲ್ಲವೆಂದು ಗೊತ್ತಿದ್ದೇ ಲೀಲಾಬಾಯಿ ಸಾಲುದ್ದಕ್ಕೂ ಭಾಗಿಸಿದರು. "ಒಂದು ಉಳೀತ್ರಿ."

"ಹಂಗಾರ ಹನ್ನೊಂದರಿಂದ ನೋಡು," ಎಂದರು ಮಾಸ್ತರರು.

ಲೀಲಾಬಾಯಿ ಪಾಟಿ ಒರೆಸಿ, ಮತ್ತೆ ಹತ್ತೊಂಬತ್ತು ಒಂದುಗಳನ್ನು ಬರೆದರು.