ಹಿರಿಯ ಚಿಟ್ಟೆಮೀನಿಗೆ ಮೊದಲ ತುತ್ತು

ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ ಖಡಕಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಒಂದು ಸಮುದ್ರವಿತ್ತು. ಗಾಜಿನದು, ನಾಲ್ಕಡಿ ಉದ್ದ. ಅದರ ನೀರಿಗೆ ಉಪ್ಪು ಬೆರೆಸುವ ಅಧಿಕಾರ ನನ್ನದಾಗಿತ್ತು; ಮನೆಯಲ್ಲಿ ಬೇರೆ ಯಾವ ಅಧಿಕಾರವೂ ಇದ್ದಂತೆ ನೆನಪಿಲ್ಲ.

ಅದರೊಳಗೆ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡಂಥ ಹಳದಿ ಚಿಟ್ಟೆಮೀನೊಂದು ಒಂಟಿಯಾಗಿ ರಾಜ್ಯವಾಳುತ್ತಿತ್ತು. ಜೊತೆಗೊಂದು ಬೇಕೆನಿಸಿತು. ಒಂದೇ ಜಾತಿಯವಾದರೆ ಕಾದಾಡುತ್ತವೆ, ಬೇರೆ ಜಾತಿಯದನ್ನು ಒಯ್ಯಿರಿ ಎಂದ ಮೀನಿನ ಅಂಗಡಿಯವ. "ಕಾಕಾ, ಕಾಹೀ ಟೆನ್ಶನ್ ನಾಹೀ," ಎಂದು ಮರಾಠಿಯಲ್ಲಿ ಅಭಯವನ್ನೂ ಕೊಟ್ಟ. ಮನುಷ್ಯರ ವಿಷಯದಲ್ಲಿ ನಾನು ಕೇಳುತ್ತ ಬಂದದ್ದು ಇದಕ್ಕೆ ತದ್ವಿರುದ್ಧ. ಆ ಗೊಂದಲದಲ್ಲಿಯೇ, ಬಿಳಿ ಮೈಮೇಲೆ ಓರೆಗೆರೆಗಳಿದ್ದ, ಬೆನ್ನಿನಿಂದ ದಾರದಂಥ ಎಳೆ ಇಳಿಬಿದ್ದಿದ್ದ ಇನ್ನೊಂದು ಬಗೆಯ ಚಿಟ್ಟೆಮೀನನ್ನು ತಂದು ಬಿಟ್ಟೆ.

ಹಳೆಯದು ಹೊಸದನ್ನು ಕಚ್ಚಲಿಲ್ಲ, ಉಣ್ಣಗೊಡಲಿಲ್ಲ, ಅಷ್ಟೇ. ಸಿಗಡಿಯ ಚೂರು ಬಿದ್ದೊಡನೆ ಅಡ್ಡ ಬಂದು ನಿಲ್ಲುತ್ತಿತ್ತು, ಹೊಸದು ಕಲ್ಲಿನ ಹಿಂದೆ ಸರಿಯುತ್ತಿತ್ತು. ವಾರದೊಳಗೆ ಅದರ ಹೊಟ್ಟೆ ಒಳಕ್ಕೆ ಸೇದಿಹೋಯಿತು. ಹೀಗೇ ಬಿಟ್ಟರೆ ಉಳಿಯುವುದಿಲ್ಲವೆಂಬುದು ನನಗೂ ತಿಳಿಯಿತು.

ಅವ್ವನಿಗೆ ಮಾತ್ರ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ಹಿರೇದು ಉಂಡಮ್ಯಾಲೆ ಕಿರೇದು ಉಣ್ಣೂದು. ನಾ ಸೊಸಿಯಾಗಿ ಬಂದಾಗ ಮೊದಲ ಉಂಡಿದ್ನೇನು?"

"ಅದು ಸೊಸಿ ಅಲ್ಲರಿ ಅತ್ತಿ, ಬೀಗರು," ಎಂದಳು ನನ್ನ ಹೆಂಡತಿ. "ಬೀಗರಿಗೆ ಮೊದಲ ನೀಡಬೇಕ್ರಿ."

"ಬಂದು ವಾರಾತು, ಇನ್ನೂ ಎಂಥಾ ಬೀಗರು?"

ಎರಡೂ ಶಾಸ್ತ್ರಗಳ ಪ್ರಯೋಗವಾಯಿತು. ಹಿರಿಯದಕ್ಕೆ ಮೊದಲು ಹಾಕಿದರೆ ಎಲ್ಲವನ್ನೂ ಮುಗಿಸಿತು. ಬೀಗರಿಗೆ ಮೊದಲು ಹಾಕಿದಾಗ ಹಿರಿಯದು ತನ್ನನ್ನೇ ಬೀಗರೆಂದು ತಿಳಿದು ಅದನ್ನೂ ಮುಗಿಸಿತು.

ಮರುದಿನ ಬೆಳಿಗ್ಗೆ ಹೊಸದು ವಾಲಿಕೊಂಡು ಈಜತೊಡಗಿತ್ತು. ಹೆಂಡತಿ ಸಿಗಡಿಯ ಬಟ್ಟಲು ಹಿಡಿದು, ಹೊಸದು ಅಡಗಿದ್ದ ಗಾಜಿನ ಬಲತುದಿಗೆ ಹೋದಳು. ಹಿರಿತನಕ್ಕಾದ ಈ ಅಪಮಾನ ಅವ್ವನಿಗೆ ಸಹಿಸಲಾಗಲಿಲ್ಲ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಸಿಗಡಿ ಹೆಚ್ಚುವುದನ್ನು ಅವಳು ಮನೆಯ ಹೊರಗಿನ ಗ್ಯಾಲರಿಗೆ ಗಡೀಪಾರು ಮಾಡಿದ್ದಳು. ಅಂಥವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಚಿಮಟಾದಲ್ಲಿ ಒಂದು ದೊಡ್ಡ ಚೂರು ಹಿಡಿದು ಎಡತುದಿಗೆ ನಿಂತಳು.

"ಹಿರೇದು ಉಪಾಸ ಇರಲೇನು?"

ಇಬ್ಬರೂ ಒಮ್ಮೆಲೇ ಹಾಕಿದರು. ಹಳೆಯದು ಬಲಕ್ಕೆ ನುಗ್ಗಿತು, ಎಡಕ್ಕೆ ತಿರುಗಿತು, ನಡುವೆ ನಿಂತಿತು. ಅಂಥ ಗೊಂದಲವನ್ನು ನನ್ನ ಮುಖವೊಂದರಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಕೊನೆಗೆ ಅವ್ವನ ದೊಡ್ಡ ಚೂರಿನತ್ತ ಹೋಯಿತು. ಅತ್ತ ಬಲತುದಿಯಲ್ಲಿ ಹೊಸದು ಕಲ್ಲಿನ ಹಿಂದಿನಿಂದ ಬಂದು, ಚೂಪು ಮೂತಿಯಿಂದ ಚೂರನ್ನು ಕಚ್ಚಿ ಉಗುಳಿತು.

"ಉಗಳಿತಲ್ಲೋ!" ಎಂದಳು ಅವ್ವ.

"ಸುಮ್ಮನಿರ್ರಿ ಅತ್ತಿ."

ಮತ್ತೆ ಕಚ್ಚಿತು. ನುಂಗಿತು.

"ಹಿರೇದ ಮೊದಲ ಉಂಡಿತು," ಎಂದು ಅವ್ವ. ಬೀಗರೇ ಮೊದಲೆಂದು ಹೆಂಡತಿ. "ನೀವ ಹೇಳ್ರಿ, ನೋಡೀರಲ್ಲಾ," ಎಂದಳು. ಕಣ್ಣು ಮಿಟುಕಿಸದೆ ನೋಡಿದ್ದೆ. ಯಾವುದು ಮೊದಲು ನುಂಗಿತೋ ದೇವರಾಣೆ ನನಗೆ ಗೊತ್ತಿಲ್ಲ. ಎರಡೂ ಉಂಡವಲ್ಲ ಎಂದೆ. ಅದನ್ನು ಉತ್ತರವೆಂದು ಯಾರೂ ಒಪ್ಪಲಿಲ್ಲ. ವಾದ ತೀರ್ಮಾನವಾಗುವವರೆಗೆಂದು ದಿನವೂ ಇಬ್ಬರೂ ಏಕಕಾಲಕ್ಕೆ ಎರಡು ತುದಿಗೆ ನಿಂತರು. ತೀರ್ಮಾನವಂತೂ ಆಗಲಿಲ್ಲ, ಹೊಸದರ ಹೊಟ್ಟೆ ತುಂಬುತ್ತ ಬಂತು.